ಮೈಕ್ ಮೇಷ್ಟ್ರ ಬಲಗೈ

ಲಟ್ಟಣಿಗೆ ನಡುಗಲಿಲ್ಲ. ಅಡುಗೆಮನೆಯ ಕಿಟಕಿಗೆ ಬೆನ್ನು ಹಾಕಿ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಅದರ ತುದಿಯನ್ನು ಗಲ್ಲದ ಮುಂದೆ ಹಿಡಿದು, ತುಟಿಗೂ ಅದಕ್ಕೂ ನಡುವೆ ಒಂದು ಹೆಬ್ಬೆರಳಿನಷ್ಟು ಜಾಗ ಬಿಟ್ಟು ಅವನು ಮನಸ್ಸಿನಲ್ಲೇ ಎಣಿಸುತ್ತಿದ್ದ. ಐದರವರೆಗೆ ಗಟ್ಟಿಯಾಗಿ ನಿಂತಿತ್ತು. ಏಳಕ್ಕೆ ಬಂದಾಗ ತುದಿ ಒಂದಿಷ್ಟು ಅಲುಗಿದ ಹಾಗಾಯಿತು. ಅಲುಗಿದ್ದು ತನ್ನ ಕೈಯೋ, ಆಗ ತಾನೇ ರಸ್ತೆಯಲ್ಲಿ ಹೋದ ಲಾರಿಯ ಭಾರಕ್ಕೆ ಮನೆಯೋ ಗೊತ್ತಾಗಲಿಲ್ಲ. ಲಾರಿಯೇ ಇರಬೇಕು. ಮೊದಲಿಂದ ಎಣಿಸೋಣ ಅಂತ ಮತ್ತೆ ಎತ್ತಿದ. ಮೈಕಿಗೂ ಇದಕ್ಕೂ ತೂಕ ಹೆಚ್ಚುಕಡಿಮೆ ಒಂದೇ, ಅಂಗೈಯಲ್ಲಿ ತೂಗಿ ನೋಡಿದ್ದ. ನಡುಗುವುದಿದ್ದರೆ ಇಲ್ಲೂ ನಡುಗಬೇಕಿತ್ತಲ್ಲ? ಇಲ್ಲಿ ಸಾಧುವಿನ ಹಾಗೆ ಸುಮ್ಮನಿದ್ದು ಅಲ್ಲಿ ನಾನೂರು ಜನರ ಎದುರು ಯಾಕೆ ಮಾನ ಕಳೆಯುತ್ತದೆ ಈ ಹಾಳು ಕೈ? ಕೈಗೂ ಜನ ಕಾಣಿಸುತ್ತಾರೆಯೇ? ನಾಲ್ಕು ತಿಂಗಳಿಂದ ಇದೇ ಅವನ ಬೆಳಗಾಗಿತ್ತು. ಎದ್ದ ತಕ್ಷಣ ಮುಖ ತೊಳೆಯುವುದಕ್ಕೂ ಮೊದಲು ಬಲಗೈ ಬೆರಳುಗಳನ್ನು ಅಗಲಿಸಿ ಬೆಳಕಿಗೆ ಹಿಡಿಯುವುದು, ಆಮೇಲೆ ಹಲ್ಲುಜ್ಜುವ ಬ್ರಷ್ಷು, ಆಮೇಲೆ ಬಾಚಣಿಗೆ, ಈಗ ಲಟ್ಟಣಿಗೆ. ಪರೀಕ್ಷೆಯಲ್ಲಿ ಪಾಸಾದ ದಿನ ಹೆದರಿಕೆ ಕಡಿಮೆಯಾಗಬೇಕಿತ್ತು. ಆಗುತ್ತಿರಲಿಲ್ಲ.

"ಏನ್ರೀ ಅದು?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಬೆಳಬೆಳಿಗ್ಗೆ ಲಟ್ಟಣಿಗೆ ಹಿಡ್ಕೊಂಡು ಯಾರಿಗೆ ಕಾಯ್ತಿದ್ದೀರಾ? ಅದು ಹೆಂಡ್ತೀರು ಮಾಡೋ ಕೆಲಸ."

"ಗಂಟಲು ಬಿಡಿಸ್ತಿದ್ದೆ."

"ಗಂಟಲಿಗೆ ಲಟ್ಟಣಿಗೆ ಯಾಕೆ?"

ಅವಳು ನಗುತ್ತಾ ಅದನ್ನು ಅವನ ಕೈಯಿಂದ ಬಿಡಿಸಿ ಗೂಟಕ್ಕೆ ಸಿಕ್ಕಿಸಿದಳು, ಟೀ ಸೋಸಿ ಲೋಟ ಕೊಟ್ಟಳು, ಕೊಡುವಾಗ ಅವನ ಬೆರಳು ನೋಡಿದಳು. "ಉಂಗುರ ಎಲ್ಲಿ?" ಬಿಗಿಯಾಗುತ್ತಿತ್ತು, ತೆಗೆದಿಟ್ಟಿದ್ದೀನಿ ಅಂದ. "ಮೈ ಎಲ್ಲ ಇಳಿದುಹೋಗಿ ಬೆರಳು ಮಾತ್ರ ದಪ್ಪ ಆಯ್ತಾ? ಸರಿ ಬಿಡಿ. ನಂಗಿನ್ನೂ ಮದುವೆ ಆಗಿಲ್ಲ ಅಂತ ಹೇಳ್ಕೊಂಡು ಓಡಾಡ್ತಿದ್ದೀರೇನೋ ಅಂದ್ಕೊಂಡೆ." ಅವನೂ ನಕ್ಕ, ಆದರೆ ಒಂದು ಕ್ಷಣ ತಡವಾಗಿ. ಉಂಗುರ ತೆಗೆದದ್ದು ಬಿಗಿಗೆ ಅಲ್ಲ. ಕೈ ನಡುಗಿದಾಗ ಅದು ಮೈಕಿನ ಲೋಹದ ಮೈಗೆ ತಗುಲಿ ಟಿಕ್ ಟಿಕ್ ಅನ್ನುತ್ತಿತ್ತು. ಆ ಸದ್ದು ಸ್ಪೀಕರಿನಲ್ಲಿ ದೊಡ್ಡದಾಗಿ, ತಬಲಾದವನೇ ತಾಳ ತಪ್ಪಿದನೇನೋ ಅನ್ನುವ ಹಾಗೆ ಹೊರಗೆ ಬಂದಿತ್ತು. ಪಾಪ, ಆ ತಬಲಾದವನು ಅವತ್ತು ಬೈಸಿಕೊಂಡ. ಇವನು ಬಾಯಿ ಬಿಡಲಿಲ್ಲ.

"ಇವತ್ತು ನಾನೂ ಬರ್ಲಾ? ಎಷ್ಟು ವರ್ಷ ಆಯ್ತು ನಿಮ್ಮ ಹಾಡು ಎದುರಿಗೆ ಕೂತು ಕೇಳಿ," ಅಂದಳು ಅವಳು, ಒಲೆಯ ಕಡೆ ತಿರುಗಿಕೊಂಡು.

"ಬೇಡ ಬೇಡ. ವಿಮಾ ಕಚೇರಿಯವರ ಕಾರ್ಯಕ್ರಮ. ಹೊರಗಿನವರನ್ನ ಒಳಗೆ ಬಿಡಲ್ಲ."

"ನಾನು ಹೊರಗಿನವಳಾ?" ಅಂದಳು. ಕೇಳಿದ್ದು ತಮಾಷೆಗೆ ಇರಬೇಕು. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಚಳಿ ಅನ್ನುವ ಹಾಗೆ ಭುಜ ಕುಗ್ಗಿಸಿ ಟೀ ಕುಡಿದ.

ಬಸ್ಸಿನಲ್ಲಿ ಕೂರಲು ಜಾಗವಿತ್ತು, ಆದರೂ ನಿಂತ. ಮೇಲಿನ ಕಂಬಿ ಹಿಡಿದುಕೊಂಡರೆ ಕೈ ಒಳ್ಳೆಯ ಮಗುವಿನ ಹಾಗೆ ಇರುತ್ತದೆ. ಹೆದರಿಕೆ ಕೈಯಲ್ಲಿ ಇಲ್ಲದಾಗ ಹೊಟ್ಟೆಗೆ ಇಳಿಯುತ್ತದೆ, ಅಷ್ಟೇ ವ್ಯತ್ಯಾಸ. ಇಪ್ಪತ್ತೆಂಟು ವರ್ಷ ಒಂದೇ ವಾದ್ಯವೃಂದದಲ್ಲಿ ಹಾಡಿದವನು, ಬಂದುಹೋದ ಗಾಯಕರಿಗೆಲ್ಲ ಮೈಕ್ ಹಿಡಿಯುವುದನ್ನು ಕಲಿಸಿದವನು, ಅದಕ್ಕೇ ಎಲ್ಲರ ಬಾಯಲ್ಲಿ ಮೇಷ್ಟ್ರು ಅನ್ನಿಸಿಕೊಂಡವನು, ಯಾವ ಶಾಲೆಯಲ್ಲೂ ಒಂದು ದಿನ ಪಾಠ ಮಾಡದ ಮೇಷ್ಟ್ರು. ಮೈಕಿನ ಕುತ್ತಿಗೆ ಹಿಸುಕಬೇಡಿ, ನಡು ಹಿಡಿಯಿರಿ. ತಲೆಯ ಜಾಲರಿ ಮೇಲೆ ಅಂಗೈ ಮುಚ್ಚಿದರೆ ದನಿ ಕಂಬಳಿ ಹೊದ್ದುಕೊಳ್ಳುತ್ತೆ. ಮೇಲಿನ ಸ್ವರಕ್ಕೆ ಹೋಗುವಾಗ ದೂರ ತಗೊಳ್ಳಿ, ಕೆಳಗೆ ಇಳಿಯುವಾಗ ಹತ್ತಿರ ತನ್ನಿ. ಪ, ಫ, ಭ ಬಂದಾಗ ಸ್ವಲ್ಪ ಓರೆ ಮಾಡಿ, ಇಲ್ಲದಿದ್ದರೆ ಜನರ ಕಿವಿಗೆ ಊದಿದ ಹಾಗಾಗುತ್ತೆ. ಸ್ಪೀಕರಿಗೆ ಅದರ ಮುಖ ತೋರಿಸಬೇಡಿ, ಕಿರುಚಿಕೊಳ್ಳುತ್ತೆ. ಎಲ್ಲಕ್ಕಿಂತ ಮೊದಲು ಕೈ ನಿಲ್ಲಲಿ, ಆಮೇಲೆ ಹಾಡು. ಇಷ್ಟು ಹೇಳುವಾಗ ಎಂಥ ಠೀವಿ ಇರುತ್ತಿತ್ತು ತನ್ನ ದನಿಯಲ್ಲಿ! ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು. ಸ್ಟ್ಯಾಂಡಿಗೆ ಮೈಕ್ ಸಿಕ್ಕಿಸಿ ಹಾಡಿದರೆ ಮುಗಿಯಿತಲ್ಲ ಅಂದರೆ, ಆ ದಾರಿಯನ್ನೂ ತಾನೇ ಮುಚ್ಚಿದ್ದ. ತನಗಿಂತ ಮೊದಲಿದ್ದ ಹಿರಿಯ ಗಾಯಕರು ತೋಳು ನೋವು ಅಂತ ಒಂದು ಸ್ಟ್ಯಾಂಡ್ ಕೇಳಿದ್ದರು. "ಸ್ಟ್ಯಾಂಡ್ ಹಿಂದೆ ನಿಂತವನು ಭಾಷಣ ಮಾಡ್ತಾನೆ, ಕೈಯಲ್ಲಿ ಹಿಡಿದವನು ಹಾಡ್ತಾನೆ," ಅಂತ ಇವನೇ ಅಂದಿದ್ದ. ಎಲ್ಲರೂ ನಕ್ಕರು, ಹಿರಿಯರೂ ನಕ್ಕರು. ವಾದ್ಯವೃಂದದ ಮಾಲೀಕ ಆ ಮಾತನ್ನು ಎಷ್ಟು ಮೆಚ್ಚಿದನೆಂದರೆ ಮರುದಿನದಿಂದ ಅದು ತಂಡದ ಕಾನೂನಾಯಿತು. ಹಿರಿಯರು ಆ ವರ್ಷವೇ ಬಿಟ್ಟುಹೋದರು.

ಅಪ್ಪ ಕಂಪೌಂಡರ್ ಆಗಿದ್ದ. ಡಾಕ್ಟರ ಕೋಣೆಗೂ ರೋಗಿಗಳ ಬೆಂಚಿಗೂ ನಡುವೆ ಒಂದು ಕಿಂಡಿ, ಕಿಂಡಿಯ ಆಚೆ ಬಿಳಿ ಕೋಟಿನಲ್ಲಿ ಅಪ್ಪ, ಸೀಸೆಗೆ ಔಷಧಿ ಸುರಿಯುತ್ತಾ. ದೊಡ್ಡ ಸೀಸೆಯ ಬಾಯಿ ಸಣ್ಣ ಸೀಸೆಯ ಬಾಯಿಗೆ ತಗುಲಿ ಕಿಣಿಕಿಣಿ ಅನ್ನುತ್ತಿತ್ತು. ಮೊದಮೊದಲು ಮಕ್ಕಳು ಅದನ್ನು ಕೇಳಿ ನಗುತ್ತಿದ್ದವು. ಆಮೇಲೆ ಇಂಜೆಕ್ಷನ್ ಹಿಡಿದು ಅಪ್ಪ ಹತ್ತಿರ ಬಂದರೆ ತಾಯಂದಿರು ಮಗುವನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿಯತೊಡಗಿದರು. ಕುಡೀತಾನೆ ಅಂದರು. ಅಪ್ಪ ಜೀವಮಾನದಲ್ಲಿ ಒಂದು ಹನಿ ಮುಟ್ಟಿದವನಲ್ಲ, ಡಾಕ್ಟರು ತಮ್ಮ ಮಗಳ ಮದುವೆಯಲ್ಲಿ ಬಲವಂತ ಮಾಡಿದಾಗಲೂ ಲೋಟ ಮೂಸಿ ಕೆಳಗಿಟ್ಟು ಬಂದವನು. ಶಾಲೆಯಲ್ಲಿ ಪಕ್ಕದ ಬೆಂಚಿನವನು, "ನಿಮ್ಮಪ್ಪ ಬೆಳಿಗ್ಗೆಯಿಂದ್ಲೇ ಹಾಕ್ತಾರಂತೆ ಹೌದೇನೋ?" ಅಂತ ಕೇಳಿದಾಗ ಇವನು ಹೌದು ಅಂದಿದ್ದ. ಯಾಕೆ ಅಂದೆ? ನಲವತ್ತು ವರ್ಷದಿಂದ ಈ ಪ್ರಶ್ನೆ ಆಗಾಗ ಬಂದು ಬಾಗಿಲು ತಟ್ಟುತ್ತದೆ, ಇವನು ಬಾಗಿಲು ತೆಗೆಯುವುದಿಲ್ಲ. ಗೊತ್ತಿಲ್ಲ ಅಂತೇನೂ ಅಲ್ಲ. ಕುಡಿತ ಅಪ್ಪನದು, ಅಪ್ಪನ ಜೊತೆಗೇ ಮುಗಿಯುತ್ತದೆ. ಕಾಯಿಲೆ ಅಂದರೆ ರಕ್ತದ್ದು, ಅದು ಇಳಿದುಬರುತ್ತದೆ. ಹನ್ನೆರಡು ವರ್ಷದ ತಲೆಗೇ ಅಷ್ಟು ಲೆಕ್ಕ ಬಂದಿತ್ತು. ಒಂದು ದಿನ ಡಾಕ್ಟರು ಅಪ್ಪನನ್ನು ಕಿಂಡಿಯಿಂದ ಎಬ್ಬಿಸಿ ಬಾಗಿಲ ಬಳಿ ಚೀಟಿ ಕೊಡುವ ಸ್ಟೂಲಿನ ಮೇಲೆ ಕೂರಿಸಿದರು. ಅಪ್ಪ ಆ ಚೀಟಿಗಳನ್ನೂ ತೊಡೆಗೆ ಒತ್ತಿಕೊಂಡೇ ಹರಿಯುತ್ತಿದ್ದ. ಬಸ್ಸು ಗಕ್ಕನೆ ನಿಂತಿತು, ಇಳಿಯುವ ಜಾಗ ದಾಟಿಹೋಗಿತ್ತು, ಅವನು ಒಂದು ನಿಲ್ದಾಣದಷ್ಟು ದೂರ ಬಿಸಿಲಿನಲ್ಲಿ ಹಿಂದಕ್ಕೆ ನಡೆದ.

ವಿಮಾ ಕಚೇರಿಯ ಸಭಾಂಗಣದಲ್ಲಿ ಕುರ್ಚಿ ಹಾಕುತ್ತಿದ್ದರು. ದೊಡ್ಡ ಸಾಹೇಬರಿಗೆ ನಿವೃತ್ತಿ, ಅದಕ್ಕೇ ಈ ಕಾರ್ಯಕ್ರಮ. ಸಭಾಂಗಣದ ಹಿಂಭಾಗದ ಮೇಜಿನ ಮೇಲೆ ಗುಂಡಿಗಳ ಸಾಲು ಹರವಿಕೊಂಡು ಧ್ವನಿ ನೋಡಿಕೊಳ್ಳುವವನು ಕೂತಿದ್ದ, ತಂಡದಲ್ಲಿ ಅವನ ಹೆಸರು ಕಿವಿ. ಹೆಸರಿಟ್ಟವನೂ ಇವನೇ. ಹದಿನೈದು ವರ್ಷದ ಹಿಂದೆ ತಂತಿ ಸುತ್ತಲು ಬಂದವನು, ಈಗ ಹೆಡ್‌ಫೋನ್ ಹಾಕಿ ಕೂತರೆ ಯಾರು ಊಟ ಮಾಡಿಲ್ಲ, ಯಾರು ಮನೆಯಲ್ಲಿ ಜಗಳ ಆಡಿ ಬಂದಿದ್ದಾರೆ ಎಲ್ಲ ಹೇಳುತ್ತಾನೆ. ಇವನು ವೇದಿಕೆ ಹತ್ತಿ ಮೈಕ್ ತೆಗೆದುಕೊಂಡು ಎರಡು ಸಾಲು ಗುನುಗಿದ. ಕಿವಿ ತಲೆ ಎತ್ತಲಿಲ್ಲ. ಮೂರನೇ ಸಾಲಿಗೆ ಹೆಡ್‌ಫೋನ್ ಕುತ್ತಿಗೆಗೆ ಇಳಿಸಿ, ಕುರ್ಚಿಗಳ ನಡುವೆ ನಿಧಾನವಾಗಿ ನಡೆದು ವೇದಿಕೆಯ ಬುಡಕ್ಕೆ ಬಂದ. ಬೇರೆ ಯಾರಿಗೂ ಕೇಳದ ಹಾಗೆ ಮಾತಾಡುವುದಕ್ಕೇ ಅಷ್ಟು ದೂರ ಬಂದಿದ್ದ.

"ಮೇಷ್ಟ್ರೇ, ಒಂದು ಮಾತು. ಬೇಜಾರು ಮಾಡ್ಕೋಬೇಡಿ."

"ಏನಯ್ಯ?"

"ನಾಲ್ಕು ತಿಂಗಳಿಂದ ನಂಗೆ ಕೇಳಿಸ್ತಿದೆ."

"ಏನು ಕೇಳಿಸ್ತಿದೆ? ಏನೂ ಇಲ್ಲ." ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಅವನ ಎಡಗೈ ತಾನಾಗಿ ಬಲಗೈಯ ಮಣಿಕಟ್ಟು ಹಿಡಿದಿತ್ತು. ಕಿವಿ ಅದನ್ನು ನೋಡಿದ, ನೋಡದವನ ಹಾಗೆ ಬೇರೆ ಕಡೆ ಕಣ್ಣು ಹೊರಳಿಸಿದ.

"ಕೈ ಬೆರಳಿನ ಸದ್ದು ಕೆಳಗಿನ ದನೀಲಿ ಬರುತ್ತೆ. ಅದನ್ನ ನಾನು ಕತ್ತರಿಸಿ ಹಾಕ್ತಿದ್ದೀನಿ. ಮೈಕ್ ದೂರ ಹೋದಾಗ ಏರಿಸ್ತೀನಿ, ಹತ್ತಿರ ಬಂದಾಗ ಇಳಿಸ್ತೀನಿ. ಇಷ್ಟು ದಿನ ಹೇಗೋ ಆಯ್ತು. ಆದ್ರೆ ಈಚೀಚೆಗೆ ನೀವು ನನಗಿಂತ ಜೋರಾಗಿ ಓಡ್ತಿದ್ದೀರಿ, ನನ್ನ ಬೆರಳು ಸಾಲ್ತಾ ಇಲ್ಲ." ಕುತ್ತಿಗೆಯ ಹೆಡ್‌ಫೋನ್ ಸರಿಮಾಡಿಕೊಂಡು, "ಮಾಲೀಕರಿಗೆ ನಾನು ಹೇಳ್ತೀನಿ. ಸ್ಟ್ಯಾಂಡ್ ಹಾಕೋಣ. ಡಾಕ್ಟರಿಗೆ ತೋರಿಸಿದ್ರಾ?" ಅಂದ.

"ಹೇಳಬೇಡ," ಅಂದ ಅವನು. ಮೈಕಿನ ಗುಂಡಿ ಆರಿಸಿದ್ದೇನೆಯೋ ಇಲ್ಲವೋ ಅಂತ ಗಾಬರಿಯಾಗಿ ನೋಡಿಕೊಂಡ. ಆರಿತ್ತು. "ಕೈ ಮುಗೀತೀನಿ ಕಣಯ್ಯ, ಹೇಳಬೇಡ. ನಿದ್ದೆ ಇಲ್ಲ ಅಷ್ಟೇ. ಸರಿ ಹೋಗುತ್ತೆ." ತನಗಿಂತ ಹನ್ನೆರಡು ವರ್ಷ ಚಿಕ್ಕವನಿಗೆ, ತಾನೇ ಹೆಸರಿಟ್ಟವನಿಗೆ, ಕೈ ಮುಗೀತೀನಿ ಅಂದುಬಿಟ್ಟಿದ್ದ. ಕಿವಿಯ ಮುಖ ಕೆಂಪಾಯಿತು. ಆಯ್ತು ಮೇಷ್ಟ್ರೇ ಅಂದು ಬಂದ ದಾರಿಯಲ್ಲೇ ವಾಪಸು ಹೋದ.

ಹೇಳಬೇಡ ಅಂದ ಮಾತ್ರಕ್ಕೆ ಹೇಳದೆ ಇರುವವರು ಯಾರು? ಐದು ನಿಮಿಷದಲ್ಲಿ ಮಾಲೀಕ ವೇದಿಕೆಯ ಪಕ್ಕಕ್ಕೆ ಕರೆದ. ಕೀಬೋರ್ಡ್ ನುಡಿಸುತ್ತಾ ಇಡೀ ತಂಡವನ್ನು ಕಣ್ಣಲ್ಲೇ ಆಡಿಸುವ ಮನುಷ್ಯ, ಮಾತಾಡುವಾಗಲೂ ಬೆರಳುಗಳು ತೊಡೆಯ ಮೇಲೆ ಏನೋ ನುಡಿಸುತ್ತಿರುತ್ತವೆ. ಅವನು ಹತ್ತಿರ ಬಂದು ಮೂಗು ಮುಂದೆ ಮಾಡಿ ಉಸಿರೆಳೆದುಕೊಂಡ. ಮೂಸಿದ. ಹೌದು, ಮೂಸಿದ! ಐವತ್ತೆರಡು ವರ್ಷದ ಗಂಡಸನ್ನು, ಕಾಲೇಜು ಹುಡುಗನನ್ನು ಅವನ ಅಪ್ಪ ಮೂಸುವ ಹಾಗೆ.

"ಮೇಷ್ಟ್ರೇ, ನಾನು ಕಣ್ಣು ಮುಚ್ಕೊಂಡು ಕೂತಿಲ್ಲ. ಹೋದ ತಿಂಗಳು ಮೈಕ್ ಹಲ್ಲಿಗೆ ಬಡೀತು. ಅದಕ್ಕೆ ಹಿಂದಿನ ಸಲ ನೀರಿನ ಲೋಟ ಬೀಳಿಸಿದ್ರಿ. ಈಗ ನೋಡಿದ್ರೆ ಎರಡೂ ಕೈಲಿ ಮೈಕ್ ಹಿಡ್ಕೊಂಡು, ನ್ಯಾಯಾಲಯದಲ್ಲಿ ಪ್ರಮಾಣ ಮಾಡೋರ ಹಾಗೆ ನಿಲ್ತೀರಿ. ನಿಜ ಹೇಳಿ, ಶುರು ಮಾಡ್ಕೊಂಡಿದ್ದೀರಾ?"

ಏನನ್ನು ಅಂತ ಅವನು ಕೇಳಲಿಲ್ಲ. ಎದೆಯೊಳಗೆ ಹೆದರಿಕೆಯ ಜೊತೆಗೇ ಒಂದು ನಾಚಿಕೆಗೆಟ್ಟ ಸಮಾಧಾನ ಎದ್ದು ಬಂತು. ಕಿವಿ ಹೇಳಿಲ್ಲ. ಮಾಲೀಕನಿಗೆ ಗೊತ್ತಿಲ್ಲ. ಕುಡುಕನನ್ನು ಬೈಯುತ್ತಾರೆ, ಬುದ್ಧಿ ಹೇಳುತ್ತಾರೆ, ಬಿಟ್ಟರೆ ಬೆನ್ನು ತಟ್ಟುತ್ತಾರೆ. ಕೈ ಹೋದವನನ್ನು ಏನು ಮಾಡುತ್ತಾರೆ? ಸ್ಟೂಲಿನ ಮೇಲೆ ಕೂರಿಸುತ್ತಾರೆ.

"ಸ್ವಲ್ಪ," ಅಂದ, ತಲೆ ತಗ್ಗಿಸಿ. "ಇನ್ನು ಮುಟ್ಟಲ್ಲ."

"ಥೂ, ನಿಮ್ಮಂಥವರು!" ಅಂದ ಮಾಲೀಕ, ಆದರೆ ದನಿಯಲ್ಲಿ ಪ್ರೀತಿಯೂ ಇತ್ತು. "ಇವತ್ತು ಒಂದು ಕೈಲಿ ಮೈಕ್, ಇನ್ನೊಂದು ಕೈ ಜನರ ಕಡೆ. ಮೊದಲಿನ ಹಾಗೆ. ಇಲ್ಲ ಅಂದ್ರೆ ನಾನು ಬೇರೆಯವರನ್ನ ನೋಡಬೇಕಾಗುತ್ತೆ. ಮನೇಲಿ ಅತ್ತಿಗೆಗೆ ಗೊತ್ತಾ? ನಾನು ಹೇಳಲ್ಲ ಬಿಡಿ." ಬೆನ್ನು ತಟ್ಟಿ ಹೋದ. ಅಪ್ಪನಿಗೆ ಯಾರೂ ಬೆನ್ನು ತಟ್ಟಿರಲಿಲ್ಲ. ಮಗ ಶಾಲೆಯಲ್ಲಿ ಏನು ಹೇಳಿದ್ದಾನೆ ಅನ್ನುವುದು ಅಪ್ಪನ ಕಿವಿಗೆ ಬಿದ್ದಿತ್ತೇ, ಬಿದ್ದೂ ಸುಮ್ಮನಿದ್ದನೇ? ಎಂಟನೇ ತರಗತಿಯ ಫೀಸು ಕಟ್ಟಲು ಬಂದ ದಿನ ಅಪ್ಪ ಆಫೀಸಿನ ಕಿಟಕಿಯಲ್ಲಿ ಸಹಿ ಮಾಡಲಾರದೆ ಪೆನ್ನನ್ನು ಇವನ ಕೈಗೆ ಕೊಟ್ಟು, "ನೀನೇ ಹಾಕು ಮರಿ, ನಿನ್ನ ಅಕ್ಷರ ಚೆನ್ನಾಗಿದೆ," ಅಂದಿದ್ದ. ಇವನು ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಅಂತ ಮೊದಲು ನೋಡಿದ್ದ, ಆಮೇಲೆ ಹಾಕಿದ್ದ. ಎಂಥವನಾಗಿದ್ದೆ ನಾನು, ಅಂದುಕೊಂಡ. ಈಗಲೂ ಹಾಗೇ ಇದ್ದೇನಲ್ಲ.

"ಇವರೇ ನೋಡಿ ನಮ್ಮ ಮೈಕ್ ಮೇಷ್ಟ್ರು," ಅನ್ನುತ್ತಾ ಮಾಲೀಕ ಮತ್ತೆ ಬಂದ. ಜೊತೆಗೆ ನಿವೃತ್ತರಾಗುವ ಸಾಹೇಬರ ಹೆಂಡತಿ, ಐವತ್ತೈದು ದಾಟಿದ ದುಂಡು ಮುಖದ ಹೆಂಗಸು, ಮೂಗಿನ ತುದಿಯಲ್ಲಿ ಬೆವರು. ಗಂಡನಿಗೆ ಗೊತ್ತಿಲ್ಲದ ಹಾಗೆ ಒಂದು ಹಾಡು ಕಲಿತು ಬಂದಿದ್ದಾರೆ, ಮೈಕ್ ಹಿಡಿಯುವುದು ತೋರಿಸಿಕೊಡಬೇಕಂತೆ. ಅವನು ಮೈಕನ್ನು ಬೇಗ ಅವರ ಕೈಗೇ ಕೊಟ್ಟುಬಿಟ್ಟ. ಆಕೆ ಅದನ್ನು ಹಾವಿನ ಹಾಗೆ ತಲೆಯ ಹತ್ತಿರ ಅದುಮಿ ಹಿಡಿದರು.

"ಅಯ್ಯೋ, ಅದರ ಉಸಿರು ಕಟ್ಟುತ್ತೆ ಅಮ್ಮ. ನಡು ಹಿಡೀರಿ. ಹಾಂ. ಎದೆ ಹತ್ರ ಬೇಡ, ಗಲ್ಲದ ಹತ್ರ. ಹೆಬ್ಬೆರಳಿನಷ್ಟು ದೂರ."

"ಇಷ್ಟಾ?"

"ಇನ್ನೂ ಹತ್ತಿರ."

"ತಿನ್ನೋ ಹಾಗಿದೆಯಲ್ಲ! ನೀವೇ ಒಂದ್ಸಲ ಹಿಡಿದು ತೋರಿಸಿಬಿಡಿ."

ಬೇಡ, ನೀವೇ ಹಿಡಿಯಿರಿ, ರೂಢಿಯಾಗಲಿ ಅಂದ. ಆಕೆ ಕೇಳಲಿಲ್ಲ, ಮೈಕನ್ನು ಅವನ ಕೈಗೆ ತುರುಕಿದರು. ಅವನು ಎತ್ತಿದ. ಮೊಣಕೈಯಿಂದ ಶುರುವಾಗಿ ಮಣಿಕಟ್ಟಿಗೆ ಹರಿದು ಬೆರಳ ತುದಿಗೆ ಬಂತು ಅದು; ಆಕೆಯ ಕಣ್ಣು ಮೈಕಿನ ತಲೆಯ ಜೊತೆ ಒಂದೆರಡು ಸಲ ಆಚೀಚೆ ಆಡಿ ನಿಂತಿತು. ಮುಗಿಯಿತು ಅಂದುಕೊಂಡ.

"ಭಯಾನಾ ನಿಮಗೂ?" ಅಂದರು ಆಕೆ, ಖುಷಿಯಿಂದ.

"ಹೌದಮ್ಮ."

"ಇಷ್ಟು ವರ್ಷ ಹಾಡಿದ ಮೇಲೂ?"

"ಈಗ ಜಾಸ್ತಿ."

"ಸದ್ಯ! ನನಗೆ ಮಾತ್ರ ಅಂದ್ಕೊಂಡಿದ್ದೆ." ಆಕೆಗೆ ನಿಜವಾಗಿ ಧೈರ್ಯ ಬಂದ ಹಾಗಿತ್ತು. ನಾಲ್ಕು ತಿಂಗಳಲ್ಲಿ ಅವನು ಆಡಿದ ನಿಜ ಅದೊಂದೇ, ಅದೂ ಹೆಸರು ಗೊತ್ತಿಲ್ಲದ ಹೆಂಗಸಿನ ಹತ್ತಿರ.

ಪರದೆಯ ಹಿಂದೆ ಕೊಟ್ಟ ಟೀ ಕಪ್ಪು ಅಂಚಿನವರೆಗೆ ತುಂಬಿತ್ತು. ಅದನ್ನು ಎತ್ತಲು ಹೋಗಿ, ತಟ್ಟೆಗೆ ಚೆಲ್ಲಿ, ಮತ್ತೆ ಕೆಳಗಿಟ್ಟಾಗ ಅವನಿಗೆ ಹೊಳೆಯಿತು. ಮನೆಯಲ್ಲಿ ಲೋಟ ಅರ್ಧ ಇರುತ್ತದೆ. ಇವತ್ತು ಬೆಳಿಗ್ಗೆಯೂ ಅರ್ಧ. ನಿನ್ನೆಯೂ. ಎಷ್ಟು ದಿನದಿಂದ? ಮೊದಲು ತುಂಬ ಕೊಡುತ್ತಿದ್ದಳು, ಈಗ ಅರ್ಧ ಕೊಟ್ಟು ಅದು ಮುಗಿದ ಮೇಲೆ ಏನೂ ಅನ್ನದೆ ಮತ್ತೆ ಅರ್ಧ ಹಾಕುತ್ತಾಳೆ. ಸಾರು ಕೂಡ. ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳಲು ಹೊತ್ತಾಗುತ್ತಿದ್ದಾಗ ಹೋದ ವಾರ ಬಂದು, ನಂಗೆ ಲೇಟಾಗ್ತಿದೆ ಬನ್ನಿ ಇಲ್ಲಿ ಅಂತ ತಾನೇ ಹಾಕಿದ್ದಳು, ಅವಳಿಗೆ ಎಲ್ಲಿಗೆ ಲೇಟು? ಗೊತ್ತು ಅವಳಿಗೆ. ಗೊತ್ತಿದ್ದೇ ಉಂಗುರದ ವಿಚಾರಕ್ಕೆ ತಮಾಷೆ ಮಾಡಿ ಬಿಟ್ಟಳು, ಗೊತ್ತಿದ್ದೇ ನಾನೂ ಬರ್ಲಾ ಅಂದಳು. ಹೆಂಡತಿಗೆ ಗೊತ್ತು, ಕಿವಿಗೆ ಗೊತ್ತು. ಇನ್ನು ಯಾರ ಕಣ್ಣಿಗೆ ಮಣ್ಣೆರಚುತ್ತಿದ್ದೇನೆ ಅಂತ ಕೇಳಿಕೊಂಡರೆ ಉಳಿದದ್ದು ಮಾಲೀಕ ಮತ್ತು ನಾನೂರು ಕುರ್ಚಿ. ಅಷ್ಟಾದರೂ ಉಳಿಯಲಿ, ದೇವರೇ. ಅದು ಹೋದರೆ ಇಪ್ಪತ್ತೆಂಟು ವರ್ಷ ಹೋಗುತ್ತದೆ. ಹಾಡುವುದು ಬಿಟ್ಟು ಇನ್ನೇನೂ ಕಲಿಯಲಿಲ್ಲ ನಾನು.

ಮೊದಲ ಮೂರು ಹಾಡು ಹೇಗೋ ದಾಟಿದವು. ವೇಗದ ಹಾಡುಗಳು, ಓಡಾಡುತ್ತಾ, ಕುಣಿಯುತ್ತಾ, ಮೈಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ಎಸೆಯುತ್ತಾ ಹಾಡುವಾಗ ಯಾವ ಅಲುಗಾಟ ಯಾರದೆಂದು ಯಾರು ನೋಡುತ್ತಾರೆ? ಸಾಹೇಬರ ಹೆಂಡತಿ ಹಾಡಿದರು, ಎರಡು ಕಡೆ ಶ್ರುತಿ ತಪ್ಪಿತು, ಮೈಕ್ ಮಾತ್ರ ಕೊನೆಯವರೆಗೂ ಗಲ್ಲದ ಹತ್ತಿರ ಅಲುಗದೆ ನಿಂತಿತ್ತು. ಅವನಿಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ದೀಪಗಳನ್ನು ತಗ್ಗಿಸಿ ಬೀಳ್ಕೊಡುಗೆಯ ಹಾಡು. ನಿಧಾನದ್ದು, ಹಿಂದೆ ಬರಿ ಕೀಬೋರ್ಡು, ಗಾಯಕ ಒಂದೇ ಕಡೆ ನಿಂತಿರಬೇಕು, ಕೊನೆಯಲ್ಲಿ ಒಂದು ಸ್ವರವನ್ನು ಉಸಿರು ಮುಗಿಯುವವರೆಗೆ ಹಿಡಿದು ನಿಲ್ಲಬೇಕು. ಎಡಗೈ ಮಣಿಕಟ್ಟಿನ ಕಡೆಗೆ ಹೊರಟಿತ್ತು. ಮಾಲೀಕ ಕೀಬೋರ್ಡಿನಿಂದ ತಲೆ ಎತ್ತಿ ಹುಬ್ಬು ಗಂಟಿಕ್ಕಿದ. ಎಡಗೈ ದಾರಿ ಬದಲಿಸಿ ಜನರ ಕಡೆ ಚಾಚಿಕೊಂಡಿತು.

ಮೊದಲ ಚರಣ ಮುಗಿಯುವ ಹೊತ್ತಿಗೆ ಅದು ಬಂತು. ಮೊಣಕೈಯನ್ನು ಪಕ್ಕೆಗೆ ಒತ್ತಿದ, ಹೆಬ್ಬೆರಳನ್ನು ಗಲ್ಲದ ಎಲುಬಿಗೆ ಊರಿದ, ತಾನು ಕಲಿಸಿದ್ದು ಕಲಿಸದ್ದು ಎಲ್ಲ ಮಾಡಿದ. ಕೇಳಲಿಲ್ಲ. ಕೈಗೆ ಬಂದದ್ದು ಬಾಯಿಗೆ ನಿಲ್ಲುತ್ತಿಲ್ಲ. ಕೊನೆಯ ಸ್ವರ ಹಿಡಿದಾಗ ಮೈಕ್ ತುಟಿಯ ಮುಂದೆ ಹೋಗಿ ಬಂದು ಹೋಗಿ ಬಂದು, ಗಂಟಲಿನಿಂದ ನೆಟ್ಟಗೆ ಹೊರಟ ದನಿ ಸ್ಪೀಕರಿನಿಂದ ಅಲೆಅಲೆಯಾಗಿ ಹೊರಗೆ ಬರುತ್ತಿತ್ತು. ಅದು ತನ್ನ ದನಿ ಅಂತ ಅವನಿಗೇ ಅನ್ನಿಸಲಿಲ್ಲ. ಯಾರೋ ಅಳು ತಡೆಯುತ್ತಿದ್ದಾರೆ. ಸಭಾಂಗಣದ ಆ ತುದಿಯಲ್ಲಿ ಕಿವಿ ಗುಂಡಿಗಳ ಮೇಲೆ ಬಗ್ಗಿ ಪರದಾಡುವುದು ಕಾಣುತ್ತಿತ್ತು, ಅವನ ಬೆರಳೂ ಸೋತಿತು. ಉಸಿರು ಮುಗಿಯಿತು. ಯಾರೂ ಅಲ್ಲಾಡಲಿಲ್ಲ. ಈಗ ಯಾರು ಮೊದಲು ನಗುತ್ತಾರೆ ಅಂತ ಅವನು ಮುಂದಿನ ಸಾಲಿನ ಮುಖಗಳನ್ನು ಒಂದೊಂದಾಗಿ ನೋಡಿದ. ಸಾಹೇಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವರ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು.

ಆಮೇಲೆ ಚಪ್ಪಾಳೆ. ಎಂಥ ಚಪ್ಪಾಳೆ! ಕುರ್ಚಿಗಳು ಹಿಂದೆ ಸರಿದವು, ಜನ ಎದ್ದು ನಿಂತರು. ಇಪ್ಪತ್ತೆಂಟು ವರ್ಷದಲ್ಲಿ ಅವನಿಗೆ ಯಾರೂ ಎದ್ದು ನಿಂತಿರಲಿಲ್ಲ. ಮಾಲೀಕ ಕೀಬೋರ್ಡ್ ಬಿಟ್ಟು ಬಂದು ಅವನ ಹೆಗಲು ಹಿಡಿದು ಅಲ್ಲಾಡಿಸಿದ. "ಏನ್ರೀ ಮೇಷ್ಟ್ರೇ ಅದು! ಆ ಕಂಪನ! ಎಲ್ಲಿ ಅಡಗಿಸಿ ಇಟ್ಟಿದ್ರಿ ಇಷ್ಟು ದಿನ? ನಾನು ಏನೇನೋ ಅಂದುಬಿಟ್ಟೆ. ಇನ್ಮೇಲೆ ಎಲ್ಲಾ ಕಡೆ ಇದೇ ಕೊನೆ ಹಾಡು, ಹೀಗೇ." ಮುಂದಿನ ಸಾಲಿನಿಂದ ಸಾಹೇಬರ ಹೆಂಡತಿ ಎರಡೂ ಕೈ ಜೋಡಿಸಿ, "ಇನ್ನೊಂದ್ಸಲ, ಆ ಕೊನೇದು ಇನ್ನೊಂದ್ಸಲ," ಅಂದರು. ಹಿಂದಿನವರು ಅದನ್ನೇ ಕೂಗಿದರು. ಮಾಲೀಕ ಆಗಲೇ ಓಡಿಹೋಗಿ ಸ್ವರ ಹಿಡಿದಿದ್ದ.

ಅವನು ಮೈಕ್ ಎತ್ತಿದ. ಕೈ ನಿಂತಿತ್ತು. ನೋಡಿದ. ನಿಜವಾಗಿ ನಿಂತಿತ್ತು, ಹೆದರಿಕೆ ಹೋದ ಹಾಗೆ ನಡುಕವೂ ಹೋಗಿತ್ತು, ನಾಲ್ಕು ತಿಂಗಳ ಹಿಂದಿನ ಕೈ, ತನ್ನದೇ ಕೈ. ಹೀಗೇ ನಿಲ್ಲಲಿ ಅಂತ ಎಷ್ಟು ಬೆಳಗು ಬೇಡಿಕೊಂಡಿದ್ದ! ಸ್ವರ ಹಿಡಿದ. ಅದು ನೆಟ್ಟಗೆ, ಶುದ್ಧವಾಗಿ, ಒಂದು ಗೆರೆಯ ಹಾಗೆ ಹೊರಟಿತು. ಜನ ಕಾದರು. ಸಾಹೇಬರ ಹೆಂಡತಿಯ ಮುಖದಲ್ಲಿ ಏನೋ ಆರಿದ ಹಾಗಾಯಿತು. ಮಾಲೀಕ ತಲೆ ಅಲ್ಲಾಡಿಸಿ, ಎಡಗೈಯನ್ನು ಗಾಳಿಯಲ್ಲಿ ನಡುಗಿಸಿ ತೋರಿಸಿದ, ಹಾಕಿ, ಹಾಕಿ ಅನ್ನುವ ಹಾಗೆ. ಹಾಕದಿದ್ದರೆ? ಅದು ಕಲೆಯಲ್ಲ, ಇನ್ನೇನೋ ಅಂತ ಇವರಿಗೆ ಹೊಳೆಯುತ್ತದೆ. ಹಾಕಬೇಕು. ಅವನು ಬೇಕೆಂದೇ ಮಣಿಕಟ್ಟು ಅಲ್ಲಾಡಿಸಿದ. ಮೊದಲು ಸುಳ್ಳಾಗಿ ಕೇಳಿಸಿತು, ಮಕ್ಕಳ ಆಟದ ಹಾಗೆ. ಆ ತುದಿಯಲ್ಲಿ ಕಿವಿ ಎದ್ದು ನಿಂತದ್ದು ಕಂಡಿತು. ಇನ್ನೂ ಸಣ್ಣದಾಗಿ, ಇನ್ನೂ ಬೇಗ ಬೇಗ ಅಲ್ಲಾಡಿಸಿದ. ಈಗ ಸರಿಯಾಯಿತು. ಆ ಅಲೆ ಬಂತು. ಜನರ ಎದೆಯಿಂದ ಒಂದು ಉಸಿರು ಹೊರಬಿತ್ತು, ಚಪ್ಪಾಳೆ ಶುರುವಾಯಿತು. ಯಾವ ಗಳಿಗೆಯಲ್ಲಿ ತಾನು ಅಲ್ಲಾಡಿಸುವುದು ನಿಲ್ಲಿಸಿದೆ ಅಂತ ಅವನಿಗೆ ಗೊತ್ತಾಗಲಿಲ್ಲ.

ಸ್ವರ ಮುಗಿಯಿತು, ಕೀಬೋರ್ಡು ನಿಂತಿತು, ಚಪ್ಪಾಳೆಯೂ ನಿಧಾನವಾಗಿ ಇಳಿಯಿತು. ಅವನು ಬಾಯಿ ಮುಚ್ಚಿ ನಿಂತಿದ್ದ. ಮೈಕ್ ಬಾಯಿಯ ಮುಂದೆ ನಡುಗುತ್ತಲೇ ಇತ್ತು. ಯಾರೋ ನಕ್ಕರು, ಮೆಚ್ಚುಗೆಯ ನಗು, ಇದೂ ಒಂದು ಅಭಿನಯ ಅಂದುಕೊಂಡವರ ನಗು. ಮೊಣಕೈಯವರೆಗೆ ಇದ್ದದ್ದು ಹೆಗಲಿಗೆ ಹತ್ತಿತು. ಮಾಲೀಕ ನಗುಮುಖದಲ್ಲೇ ಬಗ್ಗಿ, ತುಟಿ ಅಲ್ಲಾಡಿಸದೆ, "ಸಾಕು ಮೇಷ್ಟ್ರೇ, ಮುಗೀತು. ನಿಲ್ಲಿಸಿ," ಅಂದ. ಅವನು ಎಡಗೈಯಿಂದ ಬಲಗೈ ಹಿಡಿದುಕೊಂಡ. ಎಡಗೈಯೂ ಅದರ ಜೊತೆ ಅಲುಗತೊಡಗಿತು.

"ಏನ್ರೀ ಇದು, ನಿಲ್ಲಿಸಿ ಅಂದ್ನಲ್ಲ."

ಅವನು ಮಾಲೀಕನ ಕಡೆ ತಿರುಗಿದ. ಹೇಳಿದ್ದು ಅವನಿಗೊಬ್ಬನಿಗೆ, ಮೆಲ್ಲಗೆ, ಹೆದರಿದ ಮಗು ಅಪ್ಪನ ಹತ್ತಿರ ಹೇಳುವಷ್ಟು ಮೆಲ್ಲಗೆ. ಆದರೆ ಗುಂಡಿ ಆರಿಸಿರಲಿಲ್ಲ, ಮತ್ತು ಆ ತುದಿಯಲ್ಲಿ ಕಿವಿ ಈ ಸಲ ಏನನ್ನೂ ಕತ್ತರಿಸಲಿಲ್ಲ.

"ನಿಲ್ತಾ ಇಲ್ಲ," ಅಂದದ್ದು ಕೊನೆಯ ಸಾಲಿನವರಿಗೂ ಸ್ಪಷ್ಟವಾಗಿ ಕೇಳಿಸಿತು.